ಮುಂಗೈ ಮೇಲಿದ್ದ ಗಂಡ

ಕೋರ್ಟು ನನಗೆ ವಿಚ್ಛೇದನ ಕೊಟ್ಟಿತು. ಆದರೆ ಗಂಡ ನನ್ನ ಎಡ ಮುಂಗೈ ಮೇಲೆ ಹಾಗೇ ಉಳಿದುಕೊಂಡ. ಮಣಿಕಟ್ಟಿನ ಹತ್ತಿರ ಶುರುವಾಗಿ ಮೊಣಕೈಯವರೆಗೂ ದಪ್ಪ ಅಕ್ಷರಗಳು, ಎರಡೂ ತುದಿಗೆ ಒಂದೊಂದು ಹೂವು. ಮೊದಲು ಕಪ್ಪಾಗಿದ್ದದ್ದು ವರ್ಷ ಕಳೆದಂತೆ ಪಾಚಿಯ ಬಣ್ಣಕ್ಕೆ ತಿರುಗಿತ್ತು. ಆ ಹೆಸರು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಬರೆಸಿಕೊಂಡು ಅನುಭವಿಸಿದ್ದು ಸಾಕು.

ಬರೆಸಿಕೊಂಡದ್ದು ಮದುವೆಯಾದ ಹೊಸದರಲ್ಲಿ, ಶಹಾಪುರದ ಬಸ್‌ಸ್ಟ್ಯಾಂಡಿನ ಹೊರಗೆ. ಬೇವಿನ ಗಿಡದ ಕೆಳಗೆ ಒಬ್ಬ ಮನುಷ್ಯ ಬ್ಯಾಟರಿಗೆ ಸೂಜಿಯಂತ್ರ ಜೋಡಿಸಿಕೊಂಡು ಕೂತಿದ್ದ. ಅವನ ಹಿಂದಿನ ರಟ್ಟಿನ ಮೇಲೆ ಹಾವು, ಚೇಳು, ತ್ರಿಶೂಲ, ಬಾಣ ಚುಚ್ಚಿದ ಹೃದಯ. ನನ್ನ ಗಂಡನಿಗೆ ಆಗ ಪ್ರೀತಿ ಉಕ್ಕುತ್ತಿದ್ದ ಕಾಲ. “ನೀ ನನ್ನ ಹೆಸರು ಹಾಕಿಸ್ಕೊ, ನಾ ನಿನ್ನ ಹೆಸರು ಹಾಕಿಸ್ಕೋತೀನಿ. ಸಾಯೋತನಕ ಅಳಸಬಾರದು,” ಎಂದ. “ಹೆಣ್ಮಕ್ಕಳು ಮೊದಲ,” ಎಂದು ನನ್ನನ್ನೇ ಸ್ಟೂಲಿನ ಮೇಲೆ ಕೂರಿಸಿದ. ಮನೆಯಲ್ಲಿ ಊಟಕ್ಕೆ ಕೂರುವಾಗ, ಬಸ್ಸಿನಲ್ಲಿ ಸೀಟು ಹಿಡಿಯುವಾಗ ಎಂದೂ ನೆನಪಾಗದ ಆ ನಿಯಮ ಅಂದು ಮಾತ್ರ ಅವನಿಗೆ ಚೆನ್ನಾಗಿ ನೆನಪಾಯಿತು.

ನನ್ನ ಕೈಮೇಲೆ ರಕ್ತದ ಹನಿ ಕಾಣಿಸಿದ್ದೇ ತಡ, ಅವನ ಮುಖ ಬಿಳಿಚಿತು. ಹೋಗಿ ಕಟ್ಟೆಯ ಮೇಲೆ ಕೂತು ಸೋಡಾ ಕುಡಿದ. ನನ್ನದು ಮುಗಿದ ಮೇಲೆ, “ಈಗ ನಿಮ್ಮ ಪಾಳಿ,” ಎಂದರೆ, “ನಂದು ಮುಂದಿನ ವಾರ ತಗೋ, ಇವತ್ತ ತಲಿ ತಿರಗಾಕತ್ತದ,” ಎಂದ. ಆಮೇಲೆ ಎಷ್ಟೋ ವಾರಗಳು ಬಂದು ಹೋದವು. ಬೇರೊಬ್ಬ ಹೆಂಗಸೂ ಬಂದಳು. ಆ ಮುಂದಿನ ವಾರ ಮಾತ್ರ ಬರಲಿಲ್ಲ.

ಊತ ಇಳಿದ ಮೇಲೆ ನೋಡಿದರೆ ಹೆಸರಿನಲ್ಲಿ ಇರಬೇಕಾದ ಒಂದು ಒತ್ತಕ್ಷರವೇ ಇರಲಿಲ್ಲ. ನಾನು ಆಗಷ್ಟೇ ಸುರಪುರದ ಕಡೆಯ ಒಂದು ಹಳ್ಳಿಶಾಲೆಗೆ ಸೇರಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಗಂಡನಿಗೆ ತಪ್ಪು ತೋರಿಸಿದೆ. “ಪ್ರೀತಿಯೊಳಗ ಒತ್ತು ಯಾಕ ಹುಡುಕ್ತಿ, ಹುಚ್ಚಿ?” ಎಂದು ನಕ್ಕ. ನಾನೂ ನಕ್ಕೆ. ಹೊಸ ಮದುವೆ, ಯಾವುದಕ್ಕೆ ಬೇಕಾದರೂ ನಗು ಬರುತ್ತಿತ್ತು. ಮುಂದೊಂದು ದಿನ ಎಡಗೈಯಲ್ಲಿ ಪುಸ್ತಕ ಹಿಡಿದು ಪಾಠ ಓದುತ್ತಿದ್ದಾಗ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಟೀಚರ್, ಒತ್ತು ಬಿಟ್ಟಾರ್ರಿ,” ಎಂದಳು. ಹಿಂದಿನ ದಿನವಷ್ಟೇ ಅಂಥದ್ದೇ ತಪ್ಪಿಗೆ ಅವಳಿಂದ ಪುಟ ತುಂಬ ಬರೆಸಿದ್ದೆ. “ಹೌದವ್ವ, ತಪ್ಪದ. ಕೂತ್ಕೊ,” ಎಂದೆ.

ಕಡೇಚೂರಿನ ಕಡೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಅವನು ಸೈದಾಪುರದಲ್ಲಿ ಖೋಲಿ ಮಾಡಿದ. ವಾರಕ್ಕೊಮ್ಮೆ ಬರುತ್ತಿದ್ದವನು ತಿಂಗಳಿಗೊಮ್ಮೆ ಬರತೊಡಗಿದ. ಬಂದಾಗ ಅವನ ಅಂಗಿಗಳು ಗರಿಗರಿಯಾಗಿ ಇಸ್ತ್ರಿಯಾಗಿರುತ್ತಿದ್ದವು. ಇಸ್ತ್ರಿಪೆಟ್ಟಿಗೆಯ ಯಾವ ಬದಿ ಬಿಸಿಯಾಗುತ್ತದೆ ಎಂಬುದೂ ಅವನಿಗೆ ಗೊತ್ತಿರಲಿಲ್ಲವೆಂದು ನನಗೆ ಗೊತ್ತಿತ್ತು. ಒಂದು ದಿನ ಹೇಳದೆ ಕೇಳದೆ ಹೋಗಿ ನೋಡಿದೆ. ಇಸ್ತ್ರಿ ಮಾಡುವವಳೇ ಬಾಗಿಲು ತೆಗೆದಳು. ಅಲ್ಲಿಂದ ನೇರ ಸುರಪುರಕ್ಕೆ, ಅವ್ವನ ಮನೆಗೆ ಬಂದೆ. ಉಳಿದದ್ದನ್ನು ವಕೀಲರು ನೋಡಿಕೊಂಡರು, ಸಾವಕಾಶವಾಗಿ.

ತೀರ್ಪು ಬಂದ ಸ್ವಲ್ಪ ದಿನಕ್ಕೆ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಒಬ್ಬ ಹೆಂಗಸು ನನ್ನ ಕೈ ಎಳೆದುಕೊಂಡು ಓದಿದಳು. ನಮ್ಮ ಕಡೆ ಹಳಬರು ಗಂಡನ ಹೆಸರು ಹೇಳಬೇಕಾದರೆ ಒಡಪು ಕಟ್ಟಿ ಅದರ ಪ್ರಾಸದೊಳಗೆ ಸೇರಿಸಿ, ನಾಚಿ, ಸೆರಗು ಬಾಯಿಗೆ ಹಿಡಿದು ಹೇಳುತ್ತಾರೆ. ನನ್ನದನ್ನು ಕಂಡಕ್ಟರನೂ ಟಿಕೆಟು ಹರಿಯುತ್ತ ಓದಬಹುದಿತ್ತು. ಆಕೆ ಓದಿ ಮುಗಿಸಿ, “ಎಂಥಾ ಪ್ರೀತಿ ನೋಡವ್ವ! ಈಗಿನ ಕಾಲದಾಗ ಇಂಥ ಹೆಣ್ಮಕ್ಕಳು ಎಲ್ಲಿ ಸಿಗ್ತಾರ? ನಿನ್ನ ಗಂಡ ಪುಣ್ಯಾ ಮಾಡ್ಯಾನ,” ಎಂದಳು. ಆಕೆಯ ಊರು ಬರುವವರೆಗೂ ಆ ಪುಣ್ಯವಂತನ ಗುಣಗಾನ ಕೇಳುತ್ತ ಕೂತೆ. ಆಕೆ ಇಳಿಯುವಷ್ಟರಲ್ಲಿ ಅವನನ್ನು ಕೈಮೇಲಿಂದ ಇಳಿಸುವ ನಿರ್ಧಾರ ಮಾಡಿಯಾಗಿತ್ತು.

ಯಾದಗಿರಿಯಲ್ಲಿ ಒಂದು ಮೊಬೈಲ್ ರಿಪೇರಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಟ್ಯಾಟೂ ಹಾಕುವವನೊಬ್ಬನಿದ್ದಾನೆಂದು ಕೇಳಿ ಹೋದೆ. ಹೈದರಾಬಾದಿನಲ್ಲಿ ಕಲಿತು ಬಂದವನಂತೆ. ಕುತ್ತಿಗೆಯ ಮೇಲೆ ಹದ್ದು, ಕೈಮೇಲೆ ಗಡಿಯಾರ, ಕಿವಿಯ ಹಿಂದೆ ಯಾವುದೋ ಚೀನಾದ ಅಕ್ಷರ. ಅದರ ಅರ್ಥ ಕೇಳಿದೆ. “ಶಾಂತಿ ಇರಬೇಕ್ರಿ,” ಎಂದ. ಅವನಿಗೂ ಯಾರೋ ಒತ್ತು ಬಿಟ್ಟಿರಬಹುದು ಎಂದುಕೊಂಡು ಕೈ ಚಾಚಿದೆ.

ಅವನು ನನ್ನ ಕೈಯನ್ನು ದೀಪದ ಕೆಳಗೆ ಹಿಡಿದು, ಬದನೆಕಾಯಿ ಆರಿಸುವವರಂತೆ ಆ ಕಡೆ ಈ ಕಡೆ ಹೊರಳಿಸಿದ.

“ಹಳೇದರ ಮ್ಯಾಲ ಹೊಸದು ಹಾಕಿ ಮುಚ್ಚಬಹುದ್ರಿ ಮೇಡಂ. ಆದ್ರ ನಿಮ್ಮ ಸ್ಕಿನ್ ತಯಾರಿಲ್ಲ. ಭಾಳ ಒಣಗ್ಯಾದ.”

“ತಯಾರಿ ಅಂದ್ರ ಏನ್ ಮಾಡಬೇಕಪ?”

ಅವನು ಉಸಿರು ಬಿಡದೆ ಒಪ್ಪಿಸಿದ. ದಿನಾ ಕೈಗೆ ವಾಸನೆಯಿಲ್ಲದ ಕ್ರೀಮು ಹಚ್ಚಬೇಕು. ಬಿಸಿಲು ಬೀಳಬಾರದು. ಕೆರೆದುಕೊಳ್ಳಬಾರದು. ನೀರು ಚೆನ್ನಾಗಿ ಕುಡಿಯಬೇಕು. ರಕ್ತ ತೆಳ್ಳಗೆ ಮಾಡುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಮೊದಲು ಡಾಕ್ಟರನ್ನು ಕೇಳಬೇಕು. ಹಿಂದಿನ ರಾತ್ರಿ ನಿದ್ದೆ, ಆ ದಿನ ಹೊಟ್ಟೆತುಂಬ ಊಟ. ಮುಂಗೈ ಮೇಲಿನ ಕೂದಲು ನಾಜೂಕಾಗಿ ತೆಗೆದುಕೊಂಡು ಬರಬೇಕು.

“ಮತ್ತ ಹಿಂದಿನ ದಿನ ದಾರೂ ಕುಡೀಬಾರದ್ರಿ.”

“ನಾ ಟೀಚರ್ ಅದೀನಪ.”

“ಟೀಚರ್ ಮಂದಿಗೂ ಹೇಳಬೇಕಾಗ್ತದ್ರಿ.”

ನಮ್ಮ ಸಹೋದ್ಯೋಗಿಗಳಲ್ಲಿ ಒಬ್ಬಿಬ್ಬರು ನೆನಪಾಗಿ ನಾನು ವಾದಿಸಲಿಲ್ಲ. ಮೂರು ವಾರ ಬಿಟ್ಟು ಬರಲು ಹೇಳಿ ಕಳಿಸಿದ. ಈ ಗಂಡನನ್ನು ಕಟ್ಟಿಕೊಳ್ಳುವಾಗ ನನ್ನ ಮೈಗೆ ಒಂದು ಬೆಳಗಿನ ಅರಿಶಿನ ಸಾಕಾಗಿತ್ತು. ಅವನನ್ನು ಮುಚ್ಚಿಹಾಕುವುದಕ್ಕೆ ಮೂರು ವಾರದ ತಯಾರಿ ಬೇಕಂತೆ.

ಅವ್ವನಿಗೆ ಇದೆಲ್ಲ ಕೇಳಿ ನಗು. ಅವಳ ಗದ್ದದ ಮೇಲೆ ಮೂರು ಚುಕ್ಕಿ, ಎರಡೂ ಮುಂಗೈ ತುಂಬ ಹಸಿರು ಹಚ್ಚೆ. “ನನಗ ಹಾಕುವಾಗ ಯಾರು ನೀರು ಕುಡಿಸಿದ್ರು? ಮೂರು ಮಂದಿ ಕೈಕಾಲು ಹಿಡಕೊಂಡ್ರು, ಒಬ್ಬಾಕಿ ಚುಚ್ಚಿದ್ಲು. ಎಲಿ ರಸದಾಗ ಮಸಿ ಕಲಸಿದ್ದು. ನಾ ಒದರಿದ್ರ ಬಾಯಾಗ ಬೆಲ್ಲ ತುರುಕಿದ್ರು. ಅಷ್ಟs ತಯಾರಿ,” ಎಂದಳು. ಬೇಡವೆಂದು ಹೇಳಲಿಲ್ಲವೇ ಎಂದು ಕೇಳಿದೆ. “ಬಾಯಾಗ ಬೆಲ್ಲ ಇತ್ತಲ್ಲ,” ಎಂದಳು.

ವಾಸನೆಯಿಲ್ಲದ ಕ್ರೀಮು ಸುರಪುರದ ನಮ್ಮ ಓಣಿಯ ಅಂಗಡಿಯಲ್ಲಿ ಇರಲಿಲ್ಲ. ಅಂಗಡಿಯವನು ಗುಲಾಬಿ, ಮಲ್ಲಿಗೆ, ಗಂಧ ಎಲ್ಲವನ್ನೂ ಮುಂದಿಟ್ಟು, “ವಾಸನಿ ಇಲ್ಲಂದ್ರ ಯಾರು ತಗೋತಾರ್ರಿ?” ಎಂದು ನನ್ನನ್ನೇ ಕೇಳಿದ. ಕೊನೆಗೆ ಕೊಬ್ಬರಿ ಎಣ್ಣೆಯೇ ಗತಿಯಾಯಿತು. ಬೆಳಿಗ್ಗೆ ಹಚ್ಚಿಕೊಂಡು ಶಾಲೆಗೆ ಹೋದರೆ ಸೀಮೆಸುಣ್ಣದ ಧೂಳೆಲ್ಲ ಎಣ್ಣೆಗೆ ಅಂಟಿ ಮಧ್ಯಾಹ್ನದ ಹೊತ್ತಿಗೆ ಕೈ ಸುಣ್ಣ ಬಳಿದ ಕಂಬದಂತಾಗುತ್ತಿತ್ತು. ಹೆಸರಿನ ಅಕ್ಷರಗಳು ಅದರಲ್ಲಿ ಇನ್ನೂ ಎದ್ದು ಕಾಣುತ್ತಿದ್ದವು.

ಬಿಸಿಲು ಬೀಳಬಾರದು ಎಂಬ ಮಾತು ಇದಕ್ಕಿಂತ ದೊಡ್ಡ ತಮಾಷೆ. ಆ ವಾರವೇ ನಮಗೆ ಮನೆಮನೆ ಸಮೀಕ್ಷೆಯ ಕೆಲಸ ಬಂತು. ಹೆಡ್‌ಮಾಸ್ತರರ ಹತ್ತಿರ ಹೋಗಿ, ಒಂದಿಷ್ಟು ದಿನ ನನ್ನ ಚರ್ಮಕ್ಕೆ ಬಿಸಿಲು ತಾಗಬಾರದು, ಬೇರೆ ಕೆಲಸ ಕೊಡಿ ಎಂದು ಕೇಳಿದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಯಾದಗಿರಿ ಜಿಲ್ಲಾದಾಗ ಹುಟ್ಟಿ ಬಿಸಲು ತಾಗಬಾರದಂದ್ರ ಹೆಂಗ್ರಿ ಮೇಡಂ? ಇಲ್ಲಿ ನೆಳ್ಳಾಗೂ ಬಿಸಲು ಇರ್ತದ.” ಆಮೇಲೆ ದನಿ ತಗ್ಗಿಸಿ, “ಏನರ ಚರ್ಮದ ತ್ರಾಸ ಅದ ಏನ್ರಿ? ಮುಚ್ಚಿಡಬ್ಯಾಡ್ರಿ. ಮಕ್ಕಳ ನಡುವ ಇರೋರು ನಾವು,” ಎಂದರು. ನಾನು ಸ್ಕೂಟರ್ ಓಡಿಸುವ ಹೆಣ್ಣುಮಕ್ಕಳು ಹಾಕಿಕೊಳ್ಳುವಂಥ ಉದ್ದನೆಯ ಬಿಳಿ ಕೈಗವಸು ತಂದು ಎಡಗೈಗೆ ಮಾತ್ರ ಹಾಕಿಕೊಂಡೆ. ಇದರಿಂದ ಅವರ ಅನುಮಾನ ಗಟ್ಟಿಯಾಯಿತು. ಮರುದಿನದಿಂದ ಅವರು ಚಹಾಕ್ಕೆ ಸ್ವಂತ ಲೋಟ ತರತೊಡಗಿದರು.

ಹೀಗೆ ಒಂದು ಕೈಗೆ ಗವಸು, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು ಮನೆಮನೆ ತಿರುಗಿದೆ. ಪ್ರತಿ ಮನೆಯಲ್ಲೂ ಹೆಂಗಸರಿಗೆ ಗಂಡನ ಹೆಸರು ಕೇಳಬೇಕಾಗಿತ್ತು. ವಯಸ್ಸಾದವರು ತಾವು ಹೇಳದೆ ಮೊಮ್ಮಗಳನ್ನು ಕರೆದು ಹೇಳಿಸುತ್ತಿದ್ದರು. ಒಬ್ಬ ಮುದುಕಿಯ ಮನೆಯಲ್ಲಿ ಮಕ್ಕಳು ಯಾರೂ ಇರಲಿಲ್ಲ. ಆಕೆ ಬೀದಿಯ ತುದಿಯ ಗುಡಿಯನ್ನು ತೋರಿಸಿ, “ಅಲ್ಲಿರಾಂವನ ಹೆಸರs, ಬರ್ಕೊ,” ಎಂದಳು. ಬರೆದುಕೊಂಡೆ. “ನಿಂದು ಯವ್ವಾ?” ಎಂದು ಆಕೆ ಕೇಳಿದಳು. ಬೆವರಿಗೆ ಗವಸಿನೊಳಗೆ ನನ್ನ ಗಂಡ ತುರಿಸುತ್ತಿದ್ದ. ಕೆರೆದುಕೊಳ್ಳುವ ಹಾಗಿರಲಿಲ್ಲ. “ನನಗ ಇಲ್ಲಬೇ,” ಎಂದು ಮುಂದಿನ ಮನೆಗೆ ಹೋದೆ.

ಇಷ್ಟರಲ್ಲಿ ಮೈ ತಯಾರಾಗತೊಡಗಿತ್ತು. ಹೊತ್ತಿಗೆ ಸರಿಯಾಗಿ ಮಲಗುತ್ತಿದ್ದೆ. ಅವ್ವ ದಿನಾ ಮೊಟ್ಟೆ ಬೇಯಿಸಿ ಕೊಡುತ್ತಿದ್ದಳು. ಶಾಲೆಗೆ ದೊಡ್ಡ ಬಾಟಲಿ ನೀರು ಒಯ್ಯುತ್ತಿದ್ದೆ. ಕೋರ್ಟಿಗೆ ಅಲೆದಾಡಿದ ಕಾಲದಲ್ಲಿ ಗುಳಿಬಿದ್ದಿದ್ದ ಕೆನ್ನೆ ತುಂಬಿಕೊಂಡಿತು. ಜೊತೆಯ ಟೀಚರೊಬ್ಬಳಿಗೆ ಇಷ್ಟು ಸಾಕಾಯಿತು.

“ಏನ್ರಿ ಮೇಡಂ, ಮಾರಿ ಮ್ಯಾಲ ಕಳಿ ಬಂದದ. ಯಾವೂರು?”

“ಯಾವೂರು ಅಂದ್ರ?”

“ಹುಡುಗಂದು.”

ನಾನು ಬಾಯಲ್ಲಿದ್ದ ನೀರು ನುಂಗುವಷ್ಟರಲ್ಲಿ ಅವಳು ಉತ್ತರ ಸಿಕ್ಕಿತೆಂದು ತಿಳಿದುಕೊಂಡು ಹೊರಟುಹೋದಳು. ಹೆಣ್ಣು ತನ್ನ ಮೈ ನೋಡಿಕೊಳ್ಳುವುದಕ್ಕೆ ಅವಳಿಗೆ ಗೊತ್ತಿದ್ದ ಕಾರಣ ಒಂದೇ.

ಆ ಕಾರಣಕ್ಕೆ ಸಾಕ್ಷಿ ಒದಗಿಸಿದವಳು ನಾನೇ. ಮುಂಗೈಯ ಕೂದಲು ತೆಗೆಯಲು ರೇಜರ್ ಬೇಕಿತ್ತು. ಅದೇ ಓಣಿಯ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವನ ಕೈ ಡಬ್ಬಿಯ ಮೇಲೇ ನಿಂತಿತು. ಅಕ್ಕಿ ತೂಗಿಸುತ್ತಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು.

“ಯಾರರ ಬಂದಾರೇನ್ರಿ ಮನಿಗಿ?” ಎಂದು ಕೇಳಿದ.

“ಇಲ್ಲ.”

“ಮತ್ತ ರೇಜರ್?”

“ನನಗs.”

ಹೆಂಗಸರಿಬ್ಬರೂ ನನ್ನ ಗದ್ದ ನೋಡಿದರು. ಹಳೆ ಗಂಡ ವಾಪಸು ಬಂದಿದ್ದಾನೆ ಎಂದು ಒಂದು ಮನೆಯವರೂ, ಹೊಸಬನೇ ಬಂದಿದ್ದಾನೆ ಎಂದು ಇನ್ನೊಂದು ಮನೆಯವರೂ ಅಂದು ಸಂಜೆಗೆ ತೀರ್ಮಾನಿಸಿದ್ದರು. ಕತ್ತಲಾಗುವ ಮೊದಲು ಸಕ್ಕರೆ ಕೇಳುವ ನೆಪದಲ್ಲಿ ಒಬ್ಬಳು ಬಂದು ನಮ್ಮ ಮನೆಯ ಹೊಸ್ತಿಲ ಹೊರಗಿನ ಚಪ್ಪಲಿಗಳನ್ನು ಪರೀಕ್ಷಿಸಿಕೊಂಡು ಹೋದಳು.

ಸುದ್ದಿ ಯಾದಗಿರಿ ಹತ್ತಿರದ ಮುದನಾಳ ಮುಟ್ಟಿತು. ಅಲ್ಲಿ ನನ್ನ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಇರುತ್ತಾಳೆ. ಕೂಡಿಸುವುದು, ಬಿಡಿಸುವುದು ಎರಡರಲ್ಲೂ ಅವಳಿಗೆ ಆಸಕ್ತಿ. ನಾನು ಯಾದಗಿರಿಗೆ ಹೋಗಬೇಕಾದ ಹಿಂದಿನ ದಿನ ಮಧ್ಯಾಹ್ನ, ಫೋನೂ ಮಾಡದೆ, ಒಬ್ಬ ಗಂಡಸು ಮತ್ತು ಅವನ ಅಕ್ಕನನ್ನು ಕರೆದುಕೊಂಡು ಬಂದಿಳಿದಳು. ಆ ಮನುಷ್ಯನ ಹೆಂಡತಿ ತೀರಿಕೊಂಡಿದ್ದಳು. ಹೊಲವಿತ್ತು, ಟ್ರ್ಯಾಕ್ಟರ್ ಇತ್ತು, ಮೀಸೆಗೆ ಹೊಸದಾಗಿ ಬಣ್ಣ ಹಚ್ಚಿದ್ದ. ಅಕ್ಕನಿಗೆ ಮಾತಿತ್ತು.

“ನೀ ಏನೂ ಹೇಳಬ್ಯಾಡ. ನಿನ್ನ ಮಾರೀನs ಹೇಳಾಕತ್ತದ,” ಎಂದು ದೊಡ್ಡವ್ವ ನನ್ನನ್ನು ಎಳೆದು ಕೂರಿಸಿದಳು.

“ಹುಡುಗಿ ಛಂದ ಅದಾಳ,” ಎಂದಳು ಅವನ ಅಕ್ಕ. ನಲವತ್ತು ದಾಟಿದ ನನಗೆ ಆ ಮಾತಿನಿಂದ ಒಂದು ಕ್ಷಣ ಖುಷಿಯೂ ಆಯಿತು. ಖುಷಿ ಮುಗಿಯುವಷ್ಟರಲ್ಲಿ ಆಕೆ ನನ್ನ ಎಡಗೈ ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಓದಿದಳು. ತಮ್ಮನಿಗೂ ತೋರಿಸಿದಳು. ಅವನು ಕೆಮ್ಮಿದ.

ಪರಿಸ್ಥಿತಿ ಉಳಿಸಲು ದೊಡ್ಡವ್ವ ಮುಂದಾದಳು. “ನಾಳಿ ಯಾದಗಿರಿಗಿ ಹೋಗಿ ಅದನ್ನ ಮುಚ್ಚಿಸ್ತಾಳ್ರಿ. ಅದಕ್ಕs ಎಲ್ಲಾ ತಯಾರಿ ಮಾಡ್ಕೊಂಡಾಳ.”

ಅವನ ಅಕ್ಕನ ಮುಖ ಅರಳಿತು. “ಹಂಗಾರ ಛಲೋ ಆತಲ್ಲವ್ವ! ಹೆಂಗೂ ಸೂಜಿ ಚುಚ್ಚಿಸ್ಕೋತಾಳ. ಅದರ ಮ್ಯಾಲs ನಮ್ಮ ತಮ್ಮನ ಹೆಸರು ಬರಿಸಿಬಿಡಲಿ. ಒಂದs ಸಲಕ್ಕ ಎರಡೂ ಕೆಲಸ ಆಗ್ತಾವ.”

ಯಾರೂ ನಗಲಿಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ. ದೊಡ್ಡವ್ವ ನನ್ನ ಕೈಮೇಲಿನ ಅಕ್ಷರಗಳನ್ನು ಗೇಣು ಹಾಕಿ ಅಳೆದು, “ಇವ್ರ ಹೆಸರು ದೊಡ್ಡದದ. ಹಳೇದು ಪೂರಾ ಮುಚ್ಚತದ,” ಎಂದು ಸಮಾಧಾನದಿಂದ ಹೇಳಿದಳು. ನನ್ನ ಕೈ ಯಾರೋ ಖಾಲಿ ಮಾಡಿಹೋದ ಮನೆಯಾಗಿತ್ತು. ಬಾಗಿಲ ಮೇಲಿನ ಹೆಸರು ಬದಲಿಸುವುದಷ್ಟೇ ಬಾಕಿ.

ನಾನು ಆ ಮನುಷ್ಯನ ಕಡೆ ತಿರುಗಿದೆ. “ನೀವೂ ನನ್ನ ಹೆಸರು ಹಾಕಿಸ್ಕೋತೀರೇನ್ರಿ? ನಾಳಿ ಕೂಡೇ ಹೋಗೂಣು. ಇಬ್ಬರದೂ ಒಂದs ದಿನ ಆಗ್ತದ.”

ಅವನು ಬಂದಾಗಿನಿಂದ ಮೊದಲ ಸಲ ತಲೆಯೆತ್ತಿದ. “ನನಗ ಸಕ್ರಿ ಬ್ಯಾನಿ ಅದ್ರಿ. ಗಾಯ ಆದ್ರ ಜಲ್ದಿ ಮಾಯಂಗಿಲ್ಲ.”

“ತೀರಿಕೊಂಡ ನಿಮ್ಮ ಮನಿಯವ್ರ ಹೆಸರು ಅದ ಏನ್ರಿ ಕೈಮ್ಯಾಲ? ಆವಾಗ ಸಕ್ರಿ ಇದ್ದಿದ್ದಿಲ್ಲೇನೊ.”

ಹೆಂಡತಿಯ ಸೀರೆ ಉಟ್ಟಿದ್ದಿರೇನು ಎಂದು ಕೇಳಿದಂತೆ ಅವನು ನನ್ನನ್ನು ನೋಡಿದ. “ಗಂಡಸ್ರು ಹೆಂಗಸ್ರ ಹೆಸರು ಹಾಕಿಸ್ಕೋತಾರೇನವ್ವ?” ಎಂದು ಅವನ ಅಕ್ಕ ನನಗೆ ಬುದ್ಧಿ ಹೇಳಿದಳು.

ಅಷ್ಟು ಹೊತ್ತು ಒಲೆಯ ಮುಂದಿದ್ದ ಅವ್ವ ಚಹಾದ ತಟ್ಟೆ ತಂದು ಅವರ ನಡುವೆ ಇಟ್ಟಳು. “ಚಾ ಕುಡೀರಿ. ನಿಮ್ಮ ಯಾದಗಿರಿ ಬಸ್ಸಿಗಿ ಹೊತ್ತಾತು,” ಎಂದಳು. ಅತಿಥಿಗಳು ಹೋದರು. ದೊಡ್ಡವ್ವ ಮಾತ್ರ ಉಳಿದಳು. ನಾನು ಬೇಗ ಮಲಗಿದೆ. ಅವಳು ಪಕ್ಕದಲ್ಲೇ ಮಲಗಿ, ಟ್ರ್ಯಾಕ್ಟರ್ ಇದ್ದ ಮನುಷ್ಯನನ್ನು ಕಳೆದುಕೊಂಡವರ ಕಥೆಗಳನ್ನು ಹೇಳುತ್ತಲೇ ಇದ್ದಳು. ಚೆನ್ನಾಗಿ ನಿದ್ದೆ ಮಾಡಬೇಕು ಎಂಬ ಸೂಚನೆ ಅಲ್ಲಿಗೆ ಮುಗಿಯಿತು.

ಬೆಳಿಗ್ಗೆ ಅವ್ವ ತಾನೂ ಬರುತ್ತೇನೆಂದು ಹೊರಟಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಮೊಟ್ಟೆ ತಿನ್ನಿಸಿದಳು. ನಾನು ಸೂಚನೆಯಂತೆ ಚೊಂಬುಗಟ್ಟಲೆ ನೀರು ಕುಡಿದೆ. ಶಹಾಪುರ ಬರುವಷ್ಟರಲ್ಲಿ ಆ ನೀರೆಲ್ಲ ಹೊರಗೆ ಬರುವ ಹಟ ಹಿಡಿದಿತ್ತು. ನಮ್ಮ ಕಡೆಯ ಹೆಂಗಸರು ಪ್ರಯಾಣವಿದ್ದರೆ ಹಿಂದಿನ ದಿನದಿಂದಲೇ ನೀರು ಬಿಡುತ್ತಾರೆ. ಚರ್ಮ ಒಣಗುವುದು ಸುಮ್ಮನೆ ಅಲ್ಲ. ನೀರು ಕುಡಿಯಿರಿ ಎಂದು ಹೇಳುವ ಗಂಡಸರಿಗೆ ಊರ ತುಂಬ ಗೋಡೆಗಳಿವೆ.

ಬಸ್ಸು ಬದಲಿಸಲು ಇಳಿದು ಒಂದು ಹೋಟೆಲಿನಲ್ಲಿ ಕೇಳಿದೆ. ಮಾಲೀಕ ಹಿಂಬದಿಗೆ ಕೈ ತೋರಿಸಿದ. ಹೋಗಿ ನೋಡಿದರೆ ಅಲ್ಲೊಂದು ಗೋಡೆ, ಗೋಡೆಗೆ ಮುಖ ಮಾಡಿ ನಿಂತ ಇಬ್ಬರು. ಅವ್ವ ನನ್ನ ಕೈ ಹಿಡಿದು ಪಕ್ಕದ ಓಣಿಗೆ ನುಗ್ಗಿದಳು. ಮೊದಲು ಕಂಡ ತೆರೆದ ಬಾಗಿಲಿನ ಮುಂದೆ ನಿಂತು, “ಯವ್ವಾ, ನನ್ನ ಮಗಳಿಗಿ ಒಂದೀಟು ಪಾಯಖಾನಿ ತೋರಸು,” ಎಂದಳು. ಪರಾತದಲ್ಲಿ ಹಿಟ್ಟು ನಾದುತ್ತಿದ್ದ ಆ ಮನೆಯ ಹೆಂಗಸು ಏನೂ ಕೇಳದೆ ಮೊಣಕೈಯಿಂದಲೇ ದಾರಿ ತೋರಿಸಿದಳು. ನಾನು ಹೊರಗೆ ಬರುವ ಹೊತ್ತಿಗೆ ಅವಳು ಅವ್ವನಿಗೆ ಮಣೆ ಕೊಟ್ಟಿದ್ದಳು. ನನ್ನ ಮುಖ ನೋಡಿ, “ಭಾಳ ಹೈರಾಣಾಗ್ಯಾರ್ರಿ,” ಎಂದು ದೊಡ್ಡ ಲೋಟದ ತುಂಬ ನೀರು ತಂದುಕೊಟ್ಟಳು. ಬೇಡವೆನ್ನಲಾಗಲಿಲ್ಲ.

ಬಸ್ಸು ಹೊರಟಾಗ ಶಹಾಪುರದ ಗುಡ್ಡದ ಬಂಡೆಗಳಲ್ಲಿ ಮೂಡಿದ ಬುದ್ಧ ಎಂದಿನಂತೆ ಅಂಗಾತ ಮಲಗಿದ್ದ. ಈ ಜಿಲ್ಲೆಯಲ್ಲಿ ಯಾರ ಸಲಹೆಯೂ ಇಲ್ಲದೆ ಆರಾಮವಾಗಿರುವ ಮೈ ಅದೊಂದೇ. ಭೀಮಾ ನದಿಯ ಸೇತುವೆ ದಾಟುವಾಗ ಕೆಳಗೆ ನೋಡಲಿಲ್ಲ. ಅಷ್ಟು ನೀರು ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಟ್ಯಾಟೂದವನು ನನ್ನ ಕೈ ಮುಟ್ಟಿ ನೋಡಿ ಮೆಚ್ಚಿದ. “ಈಗ ಸ್ಕಿನ್ ಬರೋಬ್ಬರಿ ಅದ್ರಿ. ಏನ್ ಹಾಕೂಣು? ಕರ್ರಗಿಂದು ಬೇಕಾಗ್ತದ. ತೆಳ್ಳನ ಗೆರಿ ಇದ್ರ ಕೆಳಗಿಂದು ಕಾಣ್ತದ.” ಫೋನಿನಲ್ಲಿ ಚಿತ್ರಗಳನ್ನು ಸರಿಸತೊಡಗಿದ. ನವಿಲುಗರಿ, ಗುಲಾಬಿ, ರೆಕ್ಕೆ ಬಿಚ್ಚಿದ ಹೆಣ್ಣು. “ಕರಿ ಚಿರತಿ ಹಾಕೂಣೇನ್ರಿ? ಲೇಡೀಸ್‌ಗಿ ಪವರ್ ಕಾಣ್ತದ.” ನಾನು ಚಿರತೆಯನ್ನು ಜನ್ಮದಲ್ಲಿ ನೋಡಿದವಳಲ್ಲ.

“ಕರ್ರಗ, ಉದ್ದಕ, ಅಗಲಕ ಇರಬೇಕಂದ್ರ ಎಮ್ಮಿ ಹಾಕು,” ಎಂದಳು ಅವ್ವ.

ಅವನು ನಕ್ಕ. ಅವ್ವ ನಗಲಿಲ್ಲ. ನನ್ನ ಫೋನಿನಲ್ಲಿ ನಮ್ಮ ಮನೆಯ ಎಮ್ಮೆಯ ಪಟ ಇತ್ತು, ಹಿತ್ತಲಿನಲ್ಲಿ ಮಲಗಿ ಮೆಲುಕು ಹಾಕುತ್ತಿದ್ದದ್ದು. ತೆಗೆದು ಕೈ ಪಕ್ಕ ಇಟ್ಟು ನೋಡಿದೆ. ಸೈದಾಪುರದಿಂದ ಬಂದ ಹೊಸದರಲ್ಲಿ, ಮನೆಗೆ ಬಂದವರೆಲ್ಲ ಒಂದೊಂದು ಪ್ರಶ್ನೆ ತರುತ್ತಿದ್ದ ದಿನಗಳಲ್ಲಿ, ನಾನು ಹೋಗಿ ಕೂರುತ್ತಿದ್ದದ್ದು ಅದರ ಹತ್ತಿರ. ಅದು ಮೂತಿ ತಂದು ಭುಜಕ್ಕೆ ಒತ್ತುತ್ತಿತ್ತು, ಏನೂ ಕೇಳುತ್ತಿರಲಿಲ್ಲ.

“ಇದನ್ನs ಹಾಕಪ,” ಎಂದೆ.

“ಎಮ್ಮಿ ಯಾರೂ ಹಾಕ್ಸಂಗಿಲ್ರಿ ಮೇಡಂ. ನನ್ನ ಪೇಜಿನಾಗ ಫೋಟೋ ಹಾಕಿದ್ರ ಮಂದಿ ನಗ್ತಾರ್ರಿ.”

“ಹಾಕಬ್ಯಾಡ. ಕೈಮ್ಯಾಲ ಅಷ್ಟs ಹಾಕು.”

ಅವನು ಒಲ್ಲದ ಮನಸ್ಸಿನಿಂದ ಸೂಜಿ ಹಿಡಿದ. ಮೊದಲು ಮಣಿಕಟ್ಟಿನ ಹೂವು ಬಾಲದ ಕೆಳಗೆ ಹೋಯಿತು. ನಂತರ ಒಂದೊಂದೇ ಅಕ್ಷರ ಸೊಂಟ, ಹೊಟ್ಟೆ, ಬೆನ್ನಿನ ಕೆಳಗೆ ಮುಳುಗುತ್ತ ಹೋಯಿತು. ಉರಿಯಿತು. ಹಳೆಯ ಗಾಯದ ಮೇಲೆ ಚುಚ್ಚಿದರೆ ಹೆಚ್ಚು ನೋಯುತ್ತದೆಂದು ಅವನು ಮೊದಲು ಹೇಳಿರಲಿಲ್ಲ. ಹಲ್ಲು ಕಚ್ಚಿ ಕೂತೆ. ಅವ್ವ ಸೀರೆಯ ಗಂಟಿನಿಂದ ಬೆಲ್ಲದ ತುಣುಕು ತೆಗೆದಳು, ನನ್ನ ಮುಖ ನೋಡಿದಳು, ತಾನೇ ಬಾಯಿಗೆ ಹಾಕಿಕೊಂಡಳು. ಕೊನೆಯ ಅಕ್ಷರ ಮರೆಯಾಗುವಾಗ ಅಳು ಬರಬಹುದೆಂದು ಕಾದೆ. ಬರಲಿಲ್ಲ. ಹಸಿವಾಯಿತು. ಕೆಳಗಿಳಿದು ಇಬ್ಬರೂ ಮಿರ್ಚಿ ಭಜಿ ತಿಂದೆವು. ಕೈ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿತ್ತು, ಒಳಗೆ ಎಮ್ಮೆ ಬೆಚ್ಚಗಿತ್ತು.

ಹೊಟ್ಟು ಉದುರಿ ಚರ್ಮ ಮಾಯುವವರೆಗೂ ಪೂರ್ತಿ ತೋಳಿನ ರವಿಕೆ ಹಾಕಿಕೊಂಡು ಹೋದೆ. ಆಮೇಲೆ ತೆರೆದೇ ಬಿಟ್ಟೆ. ಹೆಡ್‌ಮಾಸ್ತರರಿಗೆ ಚರ್ಮರೋಗವಲ್ಲವೆಂದು ನೆಮ್ಮದಿ, ಎಮ್ಮೆಯೆಂದು ಬೇಸರ. “ಶಾಲಿ ಅಂದ ಮ್ಯಾಲ ಸರಸ್ವತಿ ಹಾಕಿಸಬಹುದಿತ್ತಲ್ರಿ,” ಎಂದರು. ಸರಸ್ವತಿಯನ್ನು ಯಾರ ಹೆಸರಿನ ಮೇಲೆ ಕೂರಿಸಬೇಕಾಗುತ್ತಿತ್ತೆಂದು ಅವರಿಗೆ ಹೇಳಲಿಲ್ಲ. ಯಾವೂರು ಎಂದು ಕೇಳಿದ್ದ ಟೀಚರು ಚೆನ್ನಾಗಿ ದಿಟ್ಟಿಸಿ ನೋಡಿ, “ಮೊದಲ ಬರೇ ಹೆಸರಿತ್ತು. ಈಗ ಗಂಡಂದು ಫೋಟೋನs ಹಾಕಿಸ್ಯಾರ ಅಂತ ಮಂದಿ ಅನ್ನಾಕತ್ತಾರ್ರಿ,” ಎಂದಳು. ಆ ಮಂದಿ ಯಾರೆಂದು ಕೇಳುವ ಅಗತ್ಯ ಬೀಳಲಿಲ್ಲ. ಎಮ್ಮೆಗೆ ಅವಮಾನವಾಗುತ್ತದೆ, ಹಾಗೆ ಹೇಳಬೇಡಿ ಎಂದಷ್ಟೇ ಕೇಳಿಕೊಂಡೆ. ದೊಡ್ಡವ್ವ ಇನ್ನೂ ಮಾತು ಬಿಟ್ಟಿದ್ದಾಳೆ. ಟ್ರ್ಯಾಕ್ಟರಿನ ಮನುಷ್ಯನಿಗೆ ಬೇರೆ ಕಡೆ ಹೆಣ್ಣು ಗೊತ್ತಾಯಿತಂತೆ.

ನಮ್ಮ ಓಣಿಯವರು ಒಂದು ಸಂಜೆ ನೋಡಲು ಬಂದರು. ಸಕ್ಕರೆ ಕೇಳಿದ್ದವಳು ಎಲ್ಲರಿಗಿಂತ ಮುಂದೆ. ಗಂಡನ ಬಗ್ಗೆ, ರೇಜರಿನ ಬಗ್ಗೆ ಕೇಳುತ್ತಾರೆಂದು ಉತ್ತರ ಸಿದ್ಧ ಮಾಡಿಕೊಂಡು ಕೈ ಚಾಚಿದೆ. ಆದರೆ ಅವ್ವ ಮೊದಲೇ ಬಾಯಿ ಹಾಕಿದಳು.

“ಕೋಡು ತಪ್ಪ್ಯಾನ ನೋಡು. ನಮ್ಮ ಎಮ್ಮಿವು ಹಿಂಗ ಬಾಗ್ಯಾವೇನು?”

“ಇಲ್ಲಕ್ಕಾ, ಬಲಗಡಿದು ಸರಿ ಅದ. ಎಡಗಡಿದು ಸೊಟ್ಟ ಆಗ್ಯಾದ.”

“ಎಡಗಡಿದs ಸರಿ ಅದ. ಬಲಗಡಿದು ನೋಡ್ರಿ!”

ತೀರ್ಮಾನವಾಗಲಿಲ್ಲ. ಎಲ್ಲರೂ ಎದ್ದು ಹಿತ್ತಲಿಗೆ ಹೋದರು. ನನ್ನನ್ನು ಎಮ್ಮೆಯ ಪಕ್ಕ ನಿಲ್ಲಿಸಿ, ಕೈಯನ್ನು ಅದರ ತಲೆಯ ಹತ್ತಿರ ಹಿಡಿಸಿ, ಒಂದು ಸಲ ಅದನ್ನೂ ಒಂದು ಸಲ ನನ್ನನ್ನೂ ನೋಡುತ್ತ ವಾದಿಸಿದರು. ಎಮ್ಮೆ ನನ್ನ ಕೈ ಮೂಸಿ, ತಿನ್ನುವಂಥದ್ದು ಏನೂ ಇಲ್ಲವೆಂದು ಮುಖ ತಿರುಗಿಸಿತು. ದೀಪ ಹಚ್ಚುವ ಹೊತ್ತಿನವರೆಗೂ ಕೋಡಿನ ಮಾತೇ ನಡೆಯಿತು. ಕೈಮೇಲಿನ ಎಮ್ಮೆಯ ಕೆಳಗೆ ಏನಿತ್ತೆಂದು ಒಬ್ಬರೂ ಕೇಳಲಿಲ್ಲ.